ಪೀಪಾಯಿ ತುಂಬಿದವರು ಯಾರು? ಅಮೆರಿಕದ ಮೊದಲ ಇಂಗ್ಲಿಷ್ ವಸಾಹತುಗಳ ಬೇರೆ ಬೇರೆ ಬದುಕು

ಪ್ರಶ್ನೆ: ಮೇಡಂ, ನಮ್ಮದು ಹುಣಸೂರಿನ ಹತ್ತಿರ ಒಂದು ಹಳ್ಳಿ. ವರ್ಜೀನಿಯಾ ಹೊಗೆಸೊಪ್ಪು ಬೆಳೆಯುತ್ತೇವೆ. ಮಗಳು ಬಿ.ಎ. ಓದುತ್ತಿದ್ದಾಳೆ, ಅಮೆರಿಕದ ಇತಿಹಾಸವೂ ಒಂದು ಪೇಪರ್. ಅವಳ ನೋಟ್ಸ್‌ನಲ್ಲಿ ಹೀಗಿದೆ: ಉತ್ತರದ ವಸಾಹತುಗಳಲ್ಲಿ ಮೀನು, ಹಡಗು, ಶಾಲೆ. ಮಧ್ಯದಲ್ಲಿ ಗೋಧಿ. ದಕ್ಷಿಣದಲ್ಲಿ ಹೊಗೆಸೊಪ್ಪು, ಭತ್ತ, ಗುಲಾಮಗಿರಿ. ಕಾರಣ, ಹವಾಮಾನ ಮತ್ತು ಮಣ್ಣು. ಎಲ್ಲರೂ ಹೋಗಿದ್ದು ಇಂಗ್ಲೆಂಡಿನಿಂದಲೇ ಅಲ್ವಾ? ಅದೇ ರಾಜ, ಅದೇ ಭಾಷೆ. ಬರೀ ಹವೆಯಿಂದ ಬದುಕು ಇಷ್ಟು ಬೇರೆ ಆಗುತ್ತಾ? ನಾವು ಬೆಳೆಯುವ ಸೊಪ್ಪಿಗೂ ಗುಲಾಮಗಿರಿಗೂ ನಿಜವಾಗಿ ಸಂಬಂಧ ಇದೆಯಾ?

ಉತ್ತರ: ನಿಮ್ಮ ಮಗಳ ನೋಟ್ಸ್‌ನಲ್ಲಿರುವುದು ಸುಳ್ಳಲ್ಲ, ಆದರೆ ಅರ್ಧ ಮಾತು. ಅಷ್ಟಕ್ಕೇ ನಿಲ್ಲಿಸಿದರೆ ಗುಲಾಮಗಿರಿ ಮಳೆ ಬಿಸಿಲಿನ ಹಾಗೆ ತಾನಾಗಿ ಬಂತು ಅನ್ನಿಸಿಬಿಡುತ್ತದೆ. ಅದು ಹಾಗೆ ಬರಲಿಲ್ಲ. ಜನ ಕೂತು ಯೋಚಿಸಿ, ಕಾನೂನು ಬರೆದು ತಂದರು. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ತರಗತಿಯಲ್ಲಿ ಈ ಪಾಠವನ್ನು ನಾನು ಒಂದು ಪೀಪಾಯಿಯಿಂದ ಶುರು ಮಾಡುತ್ತೇನೆ. ಆ ಕಾಲದಲ್ಲಿ ಸಮುದ್ರ ದಾಟುವ ಸರಕು ಹೆಚ್ಚಾಗಿ ಹೋಗುತ್ತಿದ್ದದ್ದು ಮರದ ಪೀಪಾಯಿಗಳಲ್ಲಿ. ವರ್ಜೀನಿಯಾದ ಪೀಪಾಯಿಯಲ್ಲಿ ಹೊಗೆಸೊಪ್ಪು. ಮ್ಯಾಸಚೂಸೆಟ್ಸ್‌ನ ಪೀಪಾಯಿಯಲ್ಲಿ ಮೀನು. ಫಿಲಡೆಲ್ಫಿಯಾದ ಪೀಪಾಯಿಯಲ್ಲಿ ಗೋಧಿ ಹಿಟ್ಟು. ಕೆರೊಲಿನಾದ ಪೀಪಾಯಿಯಲ್ಲಿ ಅಕ್ಕಿ. ಒಳಗೆ ಏನಿದೆ ಅಂತ ಎಲ್ಲರೂ ಹೇಳುತ್ತಾರೆ. ತುಂಬಿದವರು ಯಾರು, ಅದು ಹೋಗಿದ್ದು ಎಲ್ಲಿಗೆ ಅಂತ ಕೇಳುವವರು ಕಡಿಮೆ.

ನಿಮಗೆ ಗೊತ್ತಿರುವ ಬೆಳೆಯಿಂದಲೇ ಹೊರಡೋಣ.

1607ರ ಮೇ ತಿಂಗಳಲ್ಲಿ ಸುಮಾರು 100 ಜನ ಜೇಮ್ಸ್ ನದಿಯ ದಂಡೆಯಲ್ಲಿ ಇಳಿದರು. ಎಲ್ಲರೂ ಗಂಡಸರು ಮತ್ತು ಹುಡುಗರು. ಹೆಂಗಸರು ಒಬ್ಬರೂ ಇರಲಿಲ್ಲ. ಅವರನ್ನು ಕಳಿಸಿದ್ದು ಲಂಡನ್‌ನ ವರ್ಜೀನಿಯಾ ಕಂಪನಿ. ಷೇರು ಹಾಕಿದವರಿಗೆ ಲಾಭ ಬೇಕಿತ್ತು. ಚಿನ್ನ ಸಿಗುತ್ತದೆ ಅಂತ ನಂಬಿದ್ದರು. ಸಿಗಲಿಲ್ಲ. ಜೇಮ್ಸ್‌ಟೌನ್ ಕಟ್ಟಿದ ಜಾಗ ಜವುಗು. ಬೇಸಿಗೆಯಲ್ಲಿ ನದಿಯ ನೀರು ಉಪ್ಪಾಗುತ್ತಿತ್ತು. ಜ್ವರ, ರಕ್ತಭೇದಿ ಬಂದು ಜನ ಸಾಲುಸಾಲಾಗಿ ಸತ್ತರು. 1609-10ರ ಚಳಿಗಾಲದಲ್ಲಿ ಹಸಿವು ಎಷ್ಟಿತ್ತೆಂದರೆ, ಅದು ಮುಗಿಯುವ ಹೊತ್ತಿಗೆ ಕೋಟೆಯೊಳಗೆ ಉಸಿರಾಡುತ್ತಿದ್ದವರು ಸುಮಾರು 60 ಜನ.

ಇವರನ್ನು ಉಳಿಸಿದ್ದು ಹೊಗೆಸೊಪ್ಪು. ಅಲ್ಲಿನ ಮೂಲ ಜನ ಬೆಳೆಯುತ್ತಿದ್ದ ಸೊಪ್ಪು ಇಂಗ್ಲಿಷರಿಗೆ ಬಹಳ ಘಾಟು. 1612ರ ಸುಮಾರಿಗೆ ಜಾನ್ ರಾಲ್ಫ್ ಎಂಬಾತ ಕೆರಿಬಿಯನ್ ಕಡೆಯ ಮೃದುವಾದ ತಳಿಯ ಬೀಜ ಹಾಕಿ ನೋಡಿದ. ಚೆನ್ನಾಗಿ ಬಂತು. 1617ರಲ್ಲಿ ಸುಮಾರು 20,000 ಪೌಂಡು ಸೊಪ್ಪು ಇಂಗ್ಲೆಂಡಿಗೆ ಹೋಯಿತು. ಆಗ ಒಂದು ಪೌಂಡಿಗೆ 3 ಶಿಲಿಂಗ್‌ವರೆಗೂ ಬೆಲೆ ಸಿಗುತ್ತಿತ್ತು. ಅದೇ ವರ್ಷ ಹೊಸ ಗವರ್ನರ್ ಬಂದು ನೋಡಿದರೆ ಜೇಮ್ಸ್‌ಟೌನ್‌ನ ಸಂತೆ ಜಾಗದಲ್ಲೂ ಬೀದಿಯಲ್ಲೂ ಹೊಗೆಸೊಪ್ಪಿನ ಗಿಡ ನಿಂತಿತ್ತು. ಕೆಲವೇ ವರ್ಷದ ಹಿಂದೆ ಅನ್ನವಿಲ್ಲದೆ ಸತ್ತ ಊರು ಅದು. ಒಬ್ಬೊಬ್ಬರೂ ಎರಡು ಎಕರೆ ಮೆಕ್ಕೆಜೋಳ ಹಾಕಲೇಬೇಕು ಅಂತ ಆಡಳಿತ ಮೊದಲೇ ಕಟ್ಟಪ್ಪಣೆ ಮಾಡಬೇಕಾಗಿತ್ತು, ಅಷ್ಟು ಸೆಳೆತ ಆ ಬೆಳೆಗೆ.

ಈ ಬೆಳೆ ಎಷ್ಟು ಕೈ ಬೇಡುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಸಸಿಮಡಿ ಮಾಡಬೇಕು. ನಿಮ್ಮ ಹಾಗೆಯೇ ಮೇ ತಿಂಗಳ ಹೊತ್ತಿಗೆ ಮಳೆ ನೋಡಿಕೊಂಡು ನಾಟಿ. ಆಮೇಲೆ ಕಳೆ. ಎಲೆ ಮಗುಚಿ ಮಗುಚಿ ಹುಳು ಆರಿಸುವುದು. ಹೂ ಬರುವ ಮೊದಲು ಕುಡಿ ಮುರಿಯುವುದು. ಮುರಿದ ಮೇಲೆ ಪಕ್ಕದಲ್ಲಿ ಬರುವ ಚಿಗುರನ್ನೂ ವಾರ ವಾರ ಕೀಳುವುದು. ಬೆಂಕಿ ಹಾಕಿ ಕೊಳವೆಯ ಬಿಸಿಯಲ್ಲಿ ಹದ ಮಾಡುವ ನಿಮ್ಮ ಬ್ಯಾರನ್ ಪದ್ಧತಿ 19ನೇ ಶತಮಾನದ್ದು. ಆಗ ಗಿಡವನ್ನೇ ಕೊಯ್ದು ಕೊಟ್ಟಿಗೆಯಲ್ಲಿ ನೇತುಹಾಕಿ ಗಾಳಿಗೆ ಒಣಗಿಸುತ್ತಿದ್ದರು. ಜಾಸ್ತಿ ಒಣಗಿದರೆ ಕೈಯಲ್ಲೇ ಪುಡಿ. ತೇವ ಜಾಸ್ತಿಯಿದ್ದರೆ ಪೀಪಾಯಿಯೊಳಗೆ ಕೊಳೆತು ಲಂಡನ್ ಸೇರುವಷ್ಟರಲ್ಲಿ ಗೊಬ್ಬರ. ಹದ ನೋಡಿ ಪೀಪಾಯಿಗೆ ಪದರ ಪದರವಾಗಿ ಹಾಕಿ, ಮರದ ಸನ್ನೆಯಿಂದ ಒತ್ತಿ ಒತ್ತಿ ತುಂಬುತ್ತಿದ್ದರು. 18ನೇ ಶತಮಾನದ ಹೊತ್ತಿಗೆ ಒಂದು ಪೀಪಾಯಿಯಲ್ಲಿ ಸುಮಾರು 1,000 ಪೌಂಡು, ಅಂದರೆ 450 ಕಿಲೋ ಸೊಪ್ಪು. ಅದನ್ನು ಅಡ್ಡ ಮಲಗಿಸಿ, ದಾರಿಯಲ್ಲಿ ಉರುಳಿಸಿಕೊಂಡೇ ನದಿಗೆ ಒಯ್ಯುತ್ತಿದ್ದರು. ಹೆಚ್ಚು ಕಡಿಮೆ ಒಬ್ಬ ಆಳಿನ ಒಂದು ವರ್ಷದ ಬೆವರು ಆ ಒಂದು ಪೀಪಾಯಿಯಲ್ಲಿ ಇರುತ್ತಿತ್ತು.

ಅಂದರೆ ನೆಲ ಎಷ್ಟಿದ್ದರೂ ಸಾಲದು, ಆಳು ಬೇಕು. ಕಂಪನಿ ಇದಕ್ಕೆ ಒಂದು ಉಪಾಯ ಮಾಡಿತು. 1618ರಿಂದ, ಹಡಗಿನ ಖರ್ಚು ಕೊಟ್ಟು ಒಬ್ಬರನ್ನು ಕರೆತಂದವರಿಗೆ 50 ಎಕರೆ ನೆಲ. ಹತ್ತು ಜನರನ್ನು ತಂದರೆ 500 ಎಕರೆ. ಬಂದವನಿಗಲ್ಲ, ತಂದವನಿಗೆ ನೆಲ. ವರ್ಜೀನಿಯಾದ ದೊಡ್ಡ ಜಮೀನುದಾರರು ಹುಟ್ಟಿದ್ದು ಇಲ್ಲಿ. ಮಣ್ಣು ಹೇಗಿದ್ದರೂ ಈ ನಿಯಮ ಇಲ್ಲದಿದ್ದರೆ ಆ ಥರದ ಎಸ್ಟೇಟುಗಳು ಅಷ್ಟು ಬೇಗ ಬೆಳೆಯುತ್ತಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಹಾಗೆ ಬಂದವರಲ್ಲಿ ಬಹುಪಾಲು ಇಂಗ್ಲೆಂಡಿನ ಬಡ ಹುಡುಗರು. 17ನೇ ಶತಮಾನದಲ್ಲಿ ಈ ಭಾಗಕ್ಕೆ ಬಂದ ಇಂಗ್ಲಿಷರಲ್ಲಿ ನಾಲ್ವರಲ್ಲಿ ಮೂವರು ಕರಾರಿನ ಆಳುಗಳು. 4ರಿಂದ 7 ವರ್ಷ ದಣಿಗಳ ಹತ್ತಿರ ಸಂಬಳವಿಲ್ಲದೆ ದುಡಿಯಬೇಕು. ಆಮೇಲೆ ಬಿಡುಗಡೆ. ನಮ್ಮ ಜೀತದ ನೆನಪು ಬರುತ್ತದೆ ಅಲ್ವಾ? ಒಂದೇ ವ್ಯತ್ಯಾಸ, ಇದಕ್ಕೆ ಗಡುವು ಇತ್ತು. ಆದರೆ ಎಷ್ಟೋ ಹುಡುಗರು ಆ ಗಡುವು ನೋಡಲಿಲ್ಲ, ಅದಕ್ಕೆ ಮೊದಲೇ ಮಣ್ಣಾದರು. 1630ರ ದಶಕದಲ್ಲಿ ಲಂಡನ್‌ನಿಂದ ವರ್ಜೀನಿಯಾಕ್ಕೆ ಹಡಗು ಹತ್ತಿದವರಲ್ಲಿ ಒಬ್ಬ ಹೆಣ್ಣಿಗೆ ಸುಮಾರು ಆರು ಗಂಡಸರು. ಮದುವೆ ಆಗುವುದೇ ಕಷ್ಟ. ಆದರೂ ಗಂಡನೋ ಹೆಂಡತಿಯೋ ಬೇಗ ಸಾಯುತ್ತಿದ್ದರು. ಮಕ್ಕಳು ಮಲತಾಯಿ, ಮಲತಂದೆ, ಪರರ ಆಸರೆಯಲ್ಲಿ ಬೆಳೆಯುತ್ತಿದ್ದರು. ಅಜ್ಜ ಅಜ್ಜಿ ಇರುವ ಮನೆ ಅಪರೂಪ.

ಊರೂ ಇರಲಿಲ್ಲ. ನಕ್ಷೆ ನೋಡಿದರೆ ಇದು ತಕ್ಷಣ ಗೊತ್ತಾಗುತ್ತದೆ. ಜೇಮ್ಸ್, ಯಾರ್ಕ್, ರಾಪಹಾನಕ್, ಪೊಟೊಮ್ಯಾಕ್, ಈ ನಾಲ್ಕು ನದಿಗಳು ಅಗಲವಾಗಿ, ಆಳವಾಗಿ ಒಳನಾಡಿನವರೆಗೂ ಹೋಗುತ್ತವೆ. ಲಂಡನ್ನಿನ ಹಡಗು ನೇರವಾಗಿ ಜಮೀನುದಾರನ ಸ್ವಂತ ದಕ್ಕೆಗೇ ಬಂದು ನಿಲ್ಲುತ್ತಿತ್ತು. ಸೊಪ್ಪಿನ ಪೀಪಾಯಿ ಹತ್ತುತ್ತಿತ್ತು. ಬಟ್ಟೆ, ಚಾಕು, ಕುರ್ಚಿ, ವೈನ್ ಇಳಿಯುತ್ತಿತ್ತು. ಹಾಗಿರುವಾಗ ಸಂತೆ ಯಾಕೆ, ಪೇಟೆ ಯಾಕೆ? ಸೊಪ್ಪು ಮೂರು ನಾಲ್ಕು ವರ್ಷಕ್ಕೆ ನೆಲದ ಸಾರ ಹೀರಿಬಿಡುವುದರಿಂದ ಮನೆಗಳೂ ದೂರ ದೂರ. ಕೈಯಲ್ಲಿ ನಾಣ್ಯ ಇಲ್ಲ, ಹೊಗೆಸೊಪ್ಪೇ ದುಡ್ಡು. ತೆರಿಗೆ, ದಂಡ, ಪಾದ್ರಿಯ ಸಂಬಳ ಎಲ್ಲವನ್ನೂ ಪೌಂಡು ಲೆಕ್ಕದಲ್ಲಿ ಸೊಪ್ಪಿನಲ್ಲೇ ಕೊಡುತ್ತಿದ್ದರು. ಇಂಥ ಕಡೆ ಶಾಲೆ ಕಟ್ಟುವುದು ಸುಲಭವಲ್ಲ, ನಿಜ. ಆದರೆ ಮನಸ್ಸೂ ಇರಲಿಲ್ಲ. 1671ರಲ್ಲಿ ವರ್ಜೀನಿಯಾದ ಗವರ್ನರ್ ವಿಲಿಯಂ ಬರ್ಕ್ಲಿ ಲಂಡನ್ನಿಗೆ ಬರೆದ ವರದಿಯಲ್ಲಿ, ನಮ್ಮಲ್ಲಿ ಪುಕ್ಕಟೆ ಶಾಲೆಯೂ ಇಲ್ಲ, ಅಚ್ಚುಕೂಟವೂ ಇಲ್ಲ, ಅದಕ್ಕಾಗಿ ದೇವರಿಗೆ ವಂದನೆ ಅಂತ ಬರೆದ. ಓದಲು ಕಲಿತರೆ ಜನ ಎದುರು ಮಾತಾಡುತ್ತಾರೆ ಅನ್ನುವ ಭಯ ಅದು. ಪ್ರತಿ ಸಲ ಇದನ್ನು ಪಾಠದಲ್ಲಿ ಹೇಳುವಾಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಗುಲಾಮಗಿರಿ. 1619ರ ಆಗಸ್ಟ್ ಕೊನೆಯಲ್ಲಿ ಇಪ್ಪತ್ತಕ್ಕೂ ಸ್ವಲ್ಪ ಹೆಚ್ಚು ಆಫ್ರಿಕನ್ನರನ್ನು ಹೊತ್ತ ಹಡಗೊಂದು ವರ್ಜೀನಿಯಾಕ್ಕೆ ಬಂತು. ಅವರನ್ನು ದವಸ ಧಾನ್ಯಕ್ಕೆ ಮಾರಿದರು. ಆದರೆ ಹೊಗೆಸೊಪ್ಪಿನ ಹೊಲದಲ್ಲಿ ಮುಂದಿನ 50-60 ವರ್ಷ ದುಡಿದವರಲ್ಲಿ ಜಾಸ್ತಿ ಜನ ಬಿಳಿಯ ಆಳುಗಳೇ. ಇದನ್ನು ನಿಮ್ಮ ಮಗಳು ಚೆನ್ನಾಗಿ ನೆನಪಿಟ್ಟುಕೊಳ್ಳಲಿ. ಹವೆ ಅದೇ, ಮಣ್ಣು ಅದೇ, ಬೆಳೆ ಅದೇ. ಬಿಳಿಯರೇ ಬಿಸಿಲಲ್ಲಿ ಕುಡಿ ಮುರಿದರು, ಹುಳು ಆರಿಸಿದರು. ಆಂಥನಿ ಜಾನ್ಸನ್ ಎಂಬ ಆಫ್ರಿಕನ್ನನೊಬ್ಬ 1621ರಲ್ಲಿ ಬಂದು, ಬಿಡುಗಡೆಯಾಗಿ, 1651ರಲ್ಲಿ 250 ಎಕರೆ ನೆಲಕ್ಕೆ ಒಡೆಯನೂ ಆದ. ಅಂದರೆ ದಾರಿ ಇನ್ನೂ ಪೂರ್ತಿ ಮುಚ್ಚಿರಲಿಲ್ಲ.

ಆಮೇಲೆ ಒಂದೊಂದೇ ಬಾಗಿಲು ಮುಚ್ಚಿದರು. 1640ರಲ್ಲಿ ಮೂವರು ಆಳುಗಳು ಒಟ್ಟಿಗೆ ಮೇರಿಲ್ಯಾಂಡಿಗೆ ಓಡಿಹೋಗಿ ಸಿಕ್ಕಿಬಿದ್ದರು. ಒಬ್ಬ ಡಚ್ಚ, ಒಬ್ಬ ಸ್ಕಾಟ್‌ಲ್ಯಾಂಡಿನವ, ಒಬ್ಬ ಆಫ್ರಿಕನ್, ಹೆಸರು ಜಾನ್ ಪಂಚ್. ತಪ್ಪು ಒಂದೇ. ಮೂವರಿಗೂ ಚಾವಟಿ ಏಟು ಬಿತ್ತು. ಮೊದಲ ಇಬ್ಬರಿಗೆ ದುಡಿಮೆಯ ಗಡುವನ್ನು ನಾಲ್ಕು ವರ್ಷ ಹೆಚ್ಚಿಸಿದರು. ಜಾನ್ ಪಂಚ್‌ಗೆ, ಬದುಕಿರುವವರೆಗೂ ದುಡಿ ಅಂದರು. 1662ರಲ್ಲಿ ಹೊಸ ಕಾನೂನು ಬಂತು: ಮಗುವಿನ ಸ್ಥಿತಿ ತಾಯಿಯದ್ದೇ. ಇಂಗ್ಲೆಂಡಿನಲ್ಲಿ ಮಗು ತಂದೆಯ ಹಾದಿ ಹಿಡಿಯುವುದು ವಾಡಿಕೆ, ಇಲ್ಲಿ ಬೇಕೆಂದೇ ತಿರುಗಿಸಿದರು. ಯಜಮಾನನೇ ಗುಲಾಮ ಹೆಂಗಸಿಗೆ ಮಗು ಕೊಟ್ಟರೂ ಆ ಮಗು ಅವನ ಸೊತ್ತು. 1667ರಲ್ಲಿ, ದೀಕ್ಷಾಸ್ನಾನ ಪಡೆದು ಕ್ರಿಶ್ಚಿಯನ್ ಆದರೂ ಬಿಡುಗಡೆ ಇಲ್ಲ ಅಂದರು. 1705ರಲ್ಲಿ ಇದನ್ನೆಲ್ಲ ಸೇರಿಸಿ ದೊಡ್ಡ ಕಾಯ್ದೆಯನ್ನೇ ಮಾಡಿದರು.

ಈ ನಡುವೆ 1676ರಲ್ಲಿ ಒಂದು ದಂಗೆ ಆಯಿತು. ನಥಾನಿಯಲ್ ಬೇಕನ್ ಎಂಬ ಜಮೀನುದಾರ ಗವರ್ನರ್ ಬರ್ಕ್ಲಿಯ ಮೇಲೆ ತಿರುಗಿಬಿದ್ದು ಜೇಮ್ಸ್‌ಟೌನನ್ನೇ ಸುಟ್ಟ. ಅವನು ದೀನರ ಬಂಧು ಏನಲ್ಲ, ಮೂಲ ಜನರ ನೆಲ ಕಿತ್ತುಕೊಳ್ಳಲು ಬಿಡುತ್ತಿಲ್ಲ ಅನ್ನುವುದೇ ಅವನ ಸಿಟ್ಟು. ಆದರೆ ಅವನ ಹಿಂದೆ ಗಡುವು ಮುಗಿದರೂ ನೆಲ ಸಿಗದ ಬಿಳಿಯರು, ಕರಾರಿನ ಆಳುಗಳು, ಕರಿಯ ಗುಲಾಮರು ಒಟ್ಟಿಗೆ ನಿಂತಿದ್ದರು. ಅವನು ಸತ್ತ ಮೇಲೂ ಶಸ್ತ್ರ ಕೆಳಗಿಡಲು ಒಪ್ಪದೆ ಉಳಿದವರಲ್ಲಿ ಸುಮಾರು 80 ಕರಿಯರು, 20 ಇಂಗ್ಲಿಷ್ ಆಳುಗಳು. ದೊಡ್ಡವರ ಎದೆ ನಡುಗಿದ್ದು ಈ ಜೋಡಿ ನೋಡಿ.

ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಕೂಲಿ ಸ್ವಲ್ಪ ಏರಿ, ಬರುವ ಆಳುಗಳು ಕಡಿಮೆಯಾದರು. ವರ್ಜೀನಿಯಾದಲ್ಲಿ ಜನ ಮೊದಲಿಗಿಂತ ಹೆಚ್ಚು ವರ್ಷ ಬದುಕತೊಡಗಿದ್ದರಿಂದ, ಜೀವನಪೂರ್ತಿ ದುಡಿಯುವವರನ್ನು ಕೊಳ್ಳುವುದು ಯಜಮಾನನಿಗೆ ಲಾಭದ ಲೆಕ್ಕವಾಯಿತು. 1698ರಲ್ಲಿ ರಾಯಲ್ ಆಫ್ರಿಕನ್ ಕಂಪನಿಯ ಏಕಸ್ವಾಮ್ಯ ಹೋಗಿ, ಬೇರೆ ವ್ಯಾಪಾರಿಗಳೂ ಗುಲಾಮರನ್ನು ತರತೊಡಗಿದರು. 1750ರ ಹೊತ್ತಿಗೆ ವರ್ಜೀನಿಯಾದ ಐವರಲ್ಲಿ ಇಬ್ಬರು ಗುಲಾಮರು. ಸೊಪ್ಪು ಆಳು ಬೇಡಿತು, ಅದು ನಿಜ. ಆ ಆಳನ್ನು ಗುಲಾಮನನ್ನಾಗಿ ಮಾಡಿದ್ದು ಸೊಪ್ಪಲ್ಲ.

ಈಗ ಉತ್ತರ ದಿಕ್ಕಿನ ವಸಾಹತುಗಳಿಗೆ ಹೋಗೋಣ. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ 102 ಜನ ಈಗಿನ ಮ್ಯಾಸಚೂಸೆಟ್ಸ್ ಕರಾವಳಿಯ ಪ್ಲಿಮತ್‌ಗೆ ಬಂದರು. ಮೊದಲ ಚಳಿಗಾಲದಲ್ಲಿ ಅರ್ಧ ಜನ ಸತ್ತರು. ಉಳಿದವರಿಗೆ ಉಳುಮೆಗೆ ಸಿಕ್ಕಿದ್ದು, ಕೆಲವೇ ವರ್ಷದ ಹಿಂದೆ ರೋಗ ಬಂದು ಮೂಲ ಜನರ ಊರೇ ಬರಿದಾಗಿ ಬಿಟ್ಟುಹೋದ ಹೊಲ. ಖಾಲಿ ನೆಲಕ್ಕೆ ಬಂದೆವು ಅಂತ ಅವರು ಹೇಳಿಕೊಂಡರು. ಅದು ಖಾಲಿಯಾದದ್ದು ಹೇಗೆ ಅನ್ನುವುದೂ ಕಥೆಯಲ್ಲಿ ಸೇರಬೇಕು.

ದೊಡ್ಡ ವಲಸೆ ಬಂದದ್ದು 1630ರಿಂದ, ಜಾನ್ ವಿನ್‌ತ್ರಾಪ್‌ನ ಮುಂದಾಳ್ತನದಲ್ಲಿ. ಹತ್ತು ಹನ್ನೆರಡು ವರ್ಷದಲ್ಲಿ ಸುಮಾರು 20,000 ಜನ. ವರ್ಜೀನಿಯಾಕ್ಕೂ ಇಲ್ಲಿಗೂ ಇರುವ ದೊಡ್ಡ ವ್ಯತ್ಯಾಸ ಮಣ್ಣಿಗಿಂತ ಮೊದಲು ಹಡಗಿನಲ್ಲೇ ಕಾಣುತ್ತದೆ. ಬಂದವರು ಪ್ಯೂರಿಟನ್ ಪಂಥದವರು. ಗಂಡ, ಹೆಂಡತಿ, ಮಕ್ಕಳು, ಕೆಲವೊಮ್ಮೆ ಅಜ್ಜಿಯೂ. ಬಡಗಿ, ನೇಕಾರ, ಚಮ್ಮಾರ, ಕೈಕಸುಬಿನವರು. ಬಹಳ ಜನ ಸ್ವಂತ ಖರ್ಚಿನಲ್ಲಿ ಬಂದರು. ಚಳಿ ಜಾಸ್ತಿ, ನೀರು ಒಳ್ಳೆಯದು, ಮಲೇರಿಯಾ ಕಡಿಮೆ. 70 ವರ್ಷ ಬದುಕುವುದು ಅಲ್ಲಿ ಅಪರೂಪದ ಮಾತಲ್ಲ. ಮೊಮ್ಮಕ್ಕಳನ್ನು ಎತ್ತಿ ಆಡಿಸುವ ಮೊದಲ ಇಂಗ್ಲಿಷ್ ತಲೆಮಾರು ಅಮೆರಿಕದಲ್ಲಿ ಹುಟ್ಟಿದ್ದು ಇಲ್ಲೇ ಅನ್ನಬಹುದು.

ನೆಲ ಹಂಚಿದ ರೀತಿಯೂ ಬೇರೆ. ಒಂದು ಗುಂಪು ಸೇರಿ ಬಂದರೆ ಆ ಗುಂಪಿಗೆ ಊರು ಕೊಡುತ್ತಿದ್ದರು. ಊರವರು ಮನೆ ಜಾಗ, ಹೊಲ, ಹುಲ್ಲುಗಾವಲನ್ನು ತಮ್ಮೊಳಗೆ ಹಂಚಿಕೊಳ್ಳುತ್ತಿದ್ದರು. ಎಲ್ಲರಿಗೂ ಸಮವಾಗಿ ಅಲ್ಲ, ಆದರೆ ಬಹುತೇಕ ಎಲ್ಲ ಮನೆಗೂ ಒಂದಷ್ಟು. ನಡುವೆ ಪ್ರಾರ್ಥನೆಯ ಮನೆ. ಪಕ್ಕದಲ್ಲಿ ದನ ಮೇಯಲು ಎಲ್ಲರದ್ದೂ ಆದ ಬಯಲು, ನಮ್ಮ ಗೋಮಾಳದ ಥರ. ಬಾಸ್ಟನ್ ನಗರದ ನಡುವೆ 1634ರ ಆ ಗೋಮಾಳ ಇವತ್ತಿಗೂ ಪಾರ್ಕಾಗಿ ಉಳಿದಿದೆ. ಮನೆಗಳು ಹತ್ತಿರ ಇದ್ದರೆ ಶಾಲೆ ಸಾಧ್ಯ. ಪ್ರತಿಯೊಬ್ಬರೂ ಬೈಬಲ್ ಓದಲೇಬೇಕು ಅನ್ನುವ ಹಟವೂ ಇತ್ತು. 1636ರಲ್ಲಿ ಹಾರ್ವರ್ಡ್ ಕಾಲೇಜು, 1639ರ ಹೊತ್ತಿಗೆ ಅಚ್ಚುಕೂಟ. 1647ರಲ್ಲಿ, 50 ಮನೆ ಇರುವ ಪ್ರತಿ ಊರೂ ಓದು ಬರಹಕ್ಕೆ ಮೇಷ್ಟರನ್ನು ಇಡಬೇಕು ಅನ್ನುವ ಕಾನೂನು. ಇದನ್ನು ಬರ್ಕ್ಲಿಯ ಮಾತಿನ ಪಕ್ಕದಲ್ಲಿಟ್ಟು ನೋಡಿ.

ಆದರೆ ಇವರು ಹೊಟ್ಟೆಗೇನು ಮಾಡಿದರು? ಕಲ್ಲು ನೆಲ, ಚಿಕ್ಕ ಬೇಸಿಗೆ. ಮೊದಲ ಹತ್ತು ವರ್ಷ ಒಂದು ಸುಲಭದ ವ್ಯಾಪಾರ ಇತ್ತು. ಪ್ರತಿ ವರ್ಷ ಹೊಸಬರು ಹಡಗಿನಿಂದ ಇಳಿಯುತ್ತಿದ್ದರು, ಹಳಬರು ಅವರಿಗೆ ದನ, ಧಾನ್ಯ ಮಾರುತ್ತಿದ್ದರು. 1640ರ ಸುಮಾರಿಗೆ ಇಂಗ್ಲೆಂಡಿನಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಜಗಳ ಹತ್ತಿಕೊಂಡಿತು. ಹೊಸಬರು ಬರುವುದು ನಿಂತಿತು. 20 ಪೌಂಡಿಗೆ ಹೋಗುತ್ತಿದ್ದ ಹಸು 5 ಪೌಂಡಿಗೆ ಇಳಿಯಿತು. ಎಲ್ಲರೂ ಸಮುದ್ರದ ಕಡೆ ತಿರುಗಿದ್ದು ಆಗ.

ಕಾಡ್ ಮೀನಿನ ಕೆಲಸವನ್ನು ನಮ್ಮ ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ದೋಣಿಯಲ್ಲಿ ಹೋಗಿ ಗಾಳದಲ್ಲಿ ಹಿಡಿಯುವುದು. ದಡಕ್ಕೆ ತಂದು ಸೀಳಿ, ಮುಳ್ಳು ತೆಗೆದು, ಉಪ್ಪು ಹಚ್ಚಿ, ಮರದ ಅಟ್ಟಣೆಯ ಮೇಲೆ ಹರಡುವುದು. ಮಳೆ ಬಂದರೆ ಓಡಿ ಮುಚ್ಚುವುದು, ಬಿಸಿಲು ಬಂದರೆ ಮಗುಚುವುದು. ಮಾರ್ಬಲ್‌ಹೆಡ್, ಗ್ಲೌಸ್ಟರ್ ಊರುಗಳು ಬದುಕಿದ್ದೇ ಈ ಒಣಮೀನಿನಿಂದ. ಮ್ಯಾಸಚೂಸೆಟ್ಸ್‌ನ ಶಾಸನಸಭೆಯಲ್ಲಿ ಇಂದಿಗೂ ಮರದ ಒಂದು ಕಾಡ್ ಮೀನು ತೂಗುತ್ತಿದೆ, ನಮ್ಮನ್ನು ಸಾಕಿದ್ದು ಇದು ಅಂತ. ಮೀನಿಗೆ ದೋಣಿ ಬೇಕು, ಪೀಪಾಯಿ ಬೇಕು, ಹಗ್ಗ ಬೇಕು. ಕಾಡು ಹೇಗೂ ಬೆನ್ನಿಗೇ ಇತ್ತು. ಹೀಗೆ ಹಡಗು ಕಟ್ಟುವ ಕಸುಬು ಬೆಳೆಯಿತು. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಹೊತ್ತಿಗೆ ಬ್ರಿಟನ್ನಿನ ಲೆಕ್ಕದಲ್ಲಿದ್ದ ವ್ಯಾಪಾರಿ ಹಡಗುಗಳಲ್ಲಿ ಸುಮಾರು ಮೂರರಲ್ಲಿ ಒಂದು ಅಮೆರಿಕದ ವಸಾಹತುಗಳಲ್ಲಿ ಕಟ್ಟಿದ್ದು.

ಆ ಒಣಮೀನಿನ ಪೀಪಾಯಿ ಎಲ್ಲಿಗೆ ಹೋಯಿತು? ನೋಟ್ಸ್‌ನಲ್ಲಿ ಇಲ್ಲದ್ದು ಇದು. ಮೀನನ್ನು ದರ್ಜೆ ಮಾಡುತ್ತಿದ್ದರು. ಒಳ್ಳೆಯ ಮೀನು ಸ್ಪೇನ್, ಪೋರ್ಚುಗಲ್‌ಗೆ. ಮುರಿದದ್ದು, ಉಪ್ಪು ಜಾಸ್ತಿಯಾದದ್ದು, ಬಿಸಿಲಿಗೆ ಕೆಟ್ಟದ್ದು, ಯಾರೂ ಕೊಳ್ಳದ್ದು, ಅದು ಕೆರಿಬಿಯನ್ ದ್ವೀಪಗಳಿಗೆ. ಅಲ್ಲಿನ ಕಬ್ಬಿನ ತೋಟದ ಗುಲಾಮರ ಊಟಕ್ಕೆ.

ಬಾರ್ಬಡೋಸ್ ಅನ್ನುವ ಪುಟ್ಟ ದ್ವೀಪಕ್ಕೆ ಇಂಗ್ಲಿಷರು 1627ರಲ್ಲಿ ಬಂದರು. 1640ರ ದಶಕದಲ್ಲಿ ದ್ವೀಪದ ತುಂಬ ಕಬ್ಬು ಹಾಕಿದರು. 1647ರಲ್ಲಿ ಅಲ್ಲಿಂದ ವಿನ್‌ತ್ರಾಪ್‌ಗೆ ಒಂದು ಕಾಗದ ಬಂತು. ಇಲ್ಲಿ ಜನ ಕಬ್ಬಿನಲ್ಲಿ ಎಷ್ಟು ಮುಳುಗಿದ್ದಾರೆಂದರೆ ಊಟದ ಸಾಮಾನನ್ನು ಬೆಳೆಯುವ ಬದಲು ದುಬಾರಿ ಕೊಟ್ಟು ಕೊಳ್ಳುತ್ತಾರೆ, ಅನ್ನುವ ಅರ್ಥದ ಕಾಗದ. ನ್ಯೂ ಇಂಗ್ಲೆಂಡಿನ, ಅಂದರೆ ಮ್ಯಾಸಚೂಸೆಟ್ಸ್ ಮತ್ತು ಸುತ್ತಲಿನ ಉತ್ತರದ ವಸಾಹತುಗಳ, ವ್ಯಾಪಾರಿಗಳಿಗೆ ಅಷ್ಟು ಸಾಕಾಯಿತು. ಮೀನು, ದನದ ಮಾಂಸ, ಗಾಣ ತಿರುಗಿಸಲು ಕುದುರೆ, ಪೀಪಾಯಿ ಕಟ್ಟುವ ಹಲಗೆ ಹೋಯಿತು. ವಾಪಸು ಬಂದದ್ದು ಸಕ್ಕರೆ ಮತ್ತು ಕಾಕಂಬಿ. ಕಾಕಂಬಿಯಿಂದ ಬಾಸ್ಟನ್, ನ್ಯೂಪೋರ್ಟ್‌ನಲ್ಲಿ ರಮ್ ಭಟ್ಟಿ ಇಳಿಸಿದರು. ರೋಡ್ ಐಲ್ಯಾಂಡಿನ ಹಡಗುಗಳು ಅದೇ ರಮ್ ಹೊತ್ತು ಆಫ್ರಿಕಕ್ಕೆ ಹೋಗಿ ಮನುಷ್ಯರನ್ನು ಕೊಂಡವು.

ಹಾಗಾಗಿ ಉತ್ತರದಲ್ಲಿ ಶಾಲೆ, ದಕ್ಷಿಣದಲ್ಲಿ ಗುಲಾಮಗಿರಿ ಅಂತ ಎರಡು ಖಾನೆ ಮಾಡಿಬಿಟ್ಟರೆ ನಿಜ ಕೈತಪ್ಪುತ್ತದೆ. 1638ರಲ್ಲೇ ಡಿಸೈರ್ ಅನ್ನುವ ಹಡಗು ಕೆರಿಬಿಯನ್‌ನಿಂದ ಮ್ಯಾಸಚೂಸೆಟ್ಸ್‌ಗೆ ಆಫ್ರಿಕನ್ನರನ್ನು ತಂದಿತ್ತು. ಅದಕ್ಕೆ ಮೊದಲು ಯುದ್ಧದಲ್ಲಿ ಸೆರೆಸಿಕ್ಕ ಪೀಕ್ವಾಟ್ ಮೂಲ ಜನರನ್ನು ದ್ವೀಪಗಳಿಗೆ ಒಯ್ದು ಮಾರಿತ್ತು. 1641ರಲ್ಲಿ ಮ್ಯಾಸಚೂಸೆಟ್ಸ್ ಬರೆದ ಹಕ್ಕುಗಳ ಪಟ್ಟಿಯಲ್ಲೇ ಗುಲಾಮಗಿರಿಗೆ ಕಾನೂನಿನ ಒಪ್ಪಿಗೆ ಇತ್ತು, ವರ್ಜೀನಿಯಾ ತನ್ನ ಕಾನೂನು ಬರೆಯುವ ಎಷ್ಟೋ ವರ್ಷ ಮೊದಲೇ. ಉತ್ತರದ ಹೊಲಗಳಲ್ಲಿ ಗುಲಾಮರು ಕಡಿಮೆ ಇದ್ದರು, ನಿಜ. ಆದರೆ ಆ ಊರುಗಳ ಒಲೆ ಉರಿದದ್ದು ಬೇರೆಡೆಯ ಗುಲಾಮರ ಬೆವರಿನಿಂದಲೂ ಹೌದು.

ಕೆರೊಲಿನಾ ಒಂದು ರೀತಿಯಲ್ಲಿ ಬಾರ್ಬಡೋಸ್‌ನ ಮಗು. 1670ರಲ್ಲಿ ಚಾರ್ಲ್ಸ್‌ಟನ್ ಶುರುವಾದಾಗ ಬಂದ ಯಜಮಾನರಲ್ಲಿ ಹಲವರು ಆ ದ್ವೀಪದಿಂದಲೇ ಬಂದವರು. ಗುಲಾಮರನ್ನೂ, ಗುಲಾಮರಿಗೆ ಹಾಕುವ ಕಾನೂನನ್ನೂ ಜೊತೆಗೇ ತಂದರು. ಮೊದಲು ಜಿಂಕೆ ಚರ್ಮ, ದನ, ಮತ್ತು ಸೆರೆಹಿಡಿದ ಮೂಲ ಜನರನ್ನೇ ಮಾರುವ ವ್ಯಾಪಾರ. 1690ರ ದಶಕದ ನಂತರ ಭತ್ತ ಹಿಡಿಯಿತು.

ಇಂಗ್ಲಿಷರಿಗೆ ಭತ್ತ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಪಶ್ಚಿಮ ಆಫ್ರಿಕದ ಭತ್ತದ ನಾಡುಗಳಿಂದ ಹಿಡಿದು ತಂದವರಿಗೆ. ಆ ಭತ್ತದ ಚಿತ್ರ ನೋಡಿದರೆ ನಮ್ಮ ಹಳೇ ಮನೆಗಳ ಅಂಗಳವೇ ಕಣ್ಣಿಗೆ ಬರುತ್ತದೆ. ಮರದ ಎತ್ತರದ ಒರಳು, ಕೈಯಲ್ಲಿ ಒನಕೆ, ಕುಟ್ಟಿದ್ದನ್ನು ಕೇರಲು ಹುಲ್ಲಿನಲ್ಲಿ ಹೆಣೆದ ಅಗಲ ಮೊರ. ಆ ಹೆಣಿಗೆ ಚಾರ್ಲ್ಸ್‌ಟನ್ ಸುತ್ತಮುತ್ತ ಇವತ್ತಿಗೂ ಉಳಿದಿದೆ. ವ್ಯತ್ಯಾಸ ಒಂದೇ. ನಮ್ಮ ಹೆಂಗಸರು ಕುಟ್ಟುತ್ತಿದ್ದದ್ದು ಮನೆಯ ಅಕ್ಕಿ. ಅವರು ಕುಟ್ಟಬೇಕಾಗಿದ್ದದ್ದು ಹಡಗು ತುಂಬುವಷ್ಟು ಅಕ್ಕಿ. ಹಗಲೆಲ್ಲ ಮೊಣಕಾಲುದ್ದ ನೀರಲ್ಲಿ ಕಳೆ ಕಿತ್ತು, ಬೆಳಗಿನ ಜಾವ ಮತ್ತು ರಾತ್ರಿ ಒನಕೆ ಹಿಡಿಯಬೇಕಿತ್ತು. 18ನೇ ಶತಮಾನದ ಮಧ್ಯದಿಂದ ನದಿಯ ಭರತ ಇಳಿತ ನೋಡಿಕೊಂಡು ಗದ್ದೆಗೆ ನೀರು ಬಿಡುವ ಪದ್ಧತಿ ಬಂತು. ಜವುಗಿನಲ್ಲಿ ಮೈಲುಗಟ್ಟಲೆ ಏರಿ ಹಾಕಿ, ತೂಬು ಕೂರಿಸಿದ್ದು ಗುಲಾಮರೇ. 1700ರ ಸುಮಾರಿಗೆ ವರ್ಷಕ್ಕೆ ಕೆಲವೇ ಲಕ್ಷ ಪೌಂಡು ಅಕ್ಕಿ ಹೋಗುತ್ತಿತ್ತು. 1770ರ ಹೊತ್ತಿಗೆ 6 ಕೋಟಿ ಪೌಂಡು ದಾಟಿತ್ತು.

1708ರ ಸುಮಾರಿಗೇ ಅಲ್ಲಿ ಬಿಳಿಯರಿಗಿಂತ ಕರಿಯರು ಜಾಸ್ತಿ ಆಗಿದ್ದರು. ಮಲೇರಿಯಾ ಕಾಲದಲ್ಲಿ ಯಜಮಾನರು ಗದ್ದೆ ಬಿಟ್ಟು ಪೇಟೆಯ ಮನೆಗೆ ಹೋಗಿಬಿಡುತ್ತಿದ್ದರು. ಇಷ್ಟು ಗದ್ದೆ ಮುಗಿಸಿದರೆ ಇವತ್ತಿನ ಕೆಲಸ ಮುಗಿಯಿತು ಅನ್ನುವ ಲೆಕ್ಕ, ದಿನಕ್ಕೆ ಸಾಮಾನ್ಯವಾಗಿ ಕಾಲು ಎಕರೆ. ಹಾಗಾಗಿ ಗುಲಾಮರಿಗೆ ತಮ್ಮದೇ ಕೇರಿ, ತಮ್ಮದೇ ಮಾತು ಉಳಿಸಿಕೊಳ್ಳಲು ಸ್ವಲ್ಪ ಜಾಗ ಸಿಕ್ಕಿತು. ಗಲ್ಲಾ ಅನ್ನುವ ಆ ಭಾಷೆ ಈಗಲೂ ಬದುಕಿದೆ. 1739ರಲ್ಲಿ ಸ್ಟೋನೋ ನದಿಯ ಹತ್ತಿರ ಅವರು ದಂಗೆ ಎದ್ದರು. ಅದನ್ನು ತುಳಿದ ಮೇಲೆ ಕಾನೂನು ಇನ್ನೂ ಬಿಗಿಯಾಯಿತು. ಗುಲಾಮರಿಗೆ ಬರೆಯಲು ಕಲಿಸುವುದೂ ಅಪರಾಧ ಆಯಿತು.

ಕೆರೊಲಿನಾದ ಇನ್ನೊಂದು ಬೆಳೆ ನೀಲಿ, ಅಂದರೆ ಬಟ್ಟೆಗೆ ಹಾಕುವ ನೀಲಿ ಬಣ್ಣ ಕೊಡುವ ಗಿಡ. 1740ರ ದಶಕದಲ್ಲಿ ಎಲೈಜಾ ಲೂಕಸ್ ಎಂಬ ಯುವತಿ ಅದನ್ನು ಅಲ್ಲಿ ಊರಿಸಲು ತುಂಬಾ ಶ್ರಮ ಪಟ್ಟಳು. ಬ್ರಿಟನ್ ಪ್ರೋತ್ಸಾಹಧನ ಕೊಟ್ಟಿತು. ಅಮೆರಿಕ ಸ್ವತಂತ್ರವಾದ ಮೇಲೆ ಆ ಪ್ರೋತ್ಸಾಹಧನ ನಿಂತು, ನೀಲಿಯ ವ್ಯಾಪಾರ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳಕ್ಕೆ ಬಂತು. ಬಂಗಾಳದ ರೈತರು ನೀಲಿಯಿಂದ ಪಟ್ಟ ಪಾಡು ನಮಗೆ ಗೊತ್ತಿದೆ. ಅದರ ಹಿಂದಿನ ಅಧ್ಯಾಯ ಕೆರೊಲಿನಾದಲ್ಲಿದೆ.

ಮಧ್ಯದ ವಸಾಹತುಗಳನ್ನು ಬೇಗ ಮುಗಿಸುತ್ತೇನೆ. ನ್ಯೂಯಾರ್ಕನ್ನು ಇಂಗ್ಲಿಷರು 1664ರಲ್ಲಿ ಡಚ್ಚರಿಂದ ಕಿತ್ತುಕೊಂಡರು. 18ನೇ ಶತಮಾನದ ಮಧ್ಯಕ್ಕೆ ಆ ಪೇಟೆಯಲ್ಲಿ ಐವರಲ್ಲಿ ಒಬ್ಬರು ಗುಲಾಮರು. 1681ರಲ್ಲಿ ಕ್ವೇಕರ್ ಎಂಬ ಕ್ರಿಶ್ಚಿಯನ್ ಪಂಥದ ವಿಲಿಯಂ ಪೆನ್‌ಗೆ ಪೆನ್ಸಿಲ್ವೇನಿಯಾ ಸಿಕ್ಕಿತು. ಯಾವ ಪಂಥದವರಾದರೂ ಬನ್ನಿ ಅಂದ. ಇಂಗ್ಲಿಷರ ಜೊತೆ ಜರ್ಮನ್ನರು, ಐರ್ಲೆಂಡಿನವರು ಬಂದರು. ಒಳ್ಳೆಯ ಫಲವತ್ತಾದ ಮಣ್ಣು, ಗೋಧಿ ಚೆನ್ನಾಗಿ ಬರುತ್ತಿತ್ತು. ಗೋಧಿಗೆ ಬಿತ್ತನೆ, ಕೊಯ್ಲಿನ ಹೊತ್ತಿಗಷ್ಟೇ ಜಾಸ್ತಿ ಕೈ ಬೇಕು. ಮನೆಮಂದಿ, ಒಬ್ಬಿಬ್ಬರು ಕರಾರಿನ ಆಳು ಇದ್ದರೆ ನಡೆಯುತ್ತಿತ್ತು. ಹಳ್ಳ ಹಳ್ಳಕ್ಕೂ ನೀರಿನ ಹಿಟ್ಟಿನ ಗಿರಣಿ. ಹಿಟ್ಟಿನ ಪೀಪಾಯಿಗಳು ಫಿಲಡೆಲ್ಫಿಯಾ ಸೇರಿ, ಅಲ್ಲಿಂದ ಮತ್ತೆ ಅದೇ ಕೆರಿಬಿಯನ್‌ಗೆ. 1688ರಲ್ಲಿ ಜರ್ಮನ್‌ಟೌನ್‌ನ ಕೆಲವು ಕ್ವೇಕರರು ಗುಲಾಮಗಿರಿ ತಪ್ಪು ಅಂತ ಮನವಿ ಬರೆದರು. ಪಂಥದ ಹಿರಿಯರು ಅದನ್ನು ಬದಿಗಿಟ್ಟರು. ಆದರೂ ಆ ಕಾಲದಲ್ಲೇ ಹಾಗೆ ಯೋಚಿಸುವವರು ಇದ್ದರು ಅನ್ನುವುದಕ್ಕೆ ಆ ಕಾಗದ ಸಾಕ್ಷಿ. ಆ ಕಾಲದವರಿಗೆ ಇದು ತಪ್ಪು ಅಂತ ಗೊತ್ತೇ ಇರಲಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ಪರೀಕ್ಷೆಯಲ್ಲಿ ಹವಾಮಾನ, ಮಣ್ಣು ಅಂತ ಬರೆಯುವುದು ಬೇಡವೇ? ಖಂಡಿತ ಬರೆಯಲಿ. ಮ್ಯಾಸಚೂಸೆಟ್ಸ್‌ನ ಚಳಿಯಲ್ಲಿ ಭತ್ತ ಆಗುವುದಿಲ್ಲ. ಆದರೆ ಅದರ ಕೆಳಗೆ ಇನ್ನಷ್ಟು ಸಾಲು ಸೇರಿಸಲಿ. ಹಡಗಿನಲ್ಲಿ ಯಾರು ಬಂದರು, ಸಂಸಾರವೋ ಒಂಟಿ ಹುಡುಗರೋ. ನೆಲ ಕೊಟ್ಟಿದ್ದು ಊರಿಗೋ, ಆಳು ತಂದವನಿಗೋ. ಹಡಗು ನಿಂತದ್ದು ಪೇಟೆಯ ಬಂದರಿನಲ್ಲೋ, ಒಬ್ಬನ ಸ್ವಂತ ದಕ್ಕೆಯಲ್ಲೋ. ಯಾವ ವರ್ಷ ಯಾವ ಕಾನೂನು ಬಂತು.

ನಿಮ್ಮ ಸೊಪ್ಪಿನ ವಿಚಾರಕ್ಕೆ ಬರುತ್ತೇನೆ. ಹುಣಸೂರು, ಪಿರಿಯಾಪಟ್ಟಣ ಸೀಮೆಯಲ್ಲಿ ಅದೇ ಜಾತಿಯ ಸೊಪ್ಪನ್ನು ಸಣ್ಣ ಸಣ್ಣ ಹಿಡುವಳಿಯ ರೈತರು ಮನೆಮಂದಿ, ಕೂಲಿಯವರ ಜೊತೆ ಬೆಳೆಯುತ್ತೀರಿ. ಸಾಲ, ಸೌದೆ, ಹರಾಜಿನ ದರ, ಕಷ್ಟ ನಿಮಗೂ ಬೇಕಾದಷ್ಟಿದೆ. ಆದರೆ ಆ ಬೆಳೆಗೆ ಗುಲಾಮರೇ ಬೇಕು ಅನ್ನುವುದು ಸುಳ್ಳು ಅಂತ ನಿಮ್ಮ ಹೊಲವೇ ಹೇಳುತ್ತದೆ.

ವರ್ಜೀನಿಯಾದ ಒಳಗೇ ಇನ್ನೊಂದು ಸಾಕ್ಷಿ ಇದೆ. ಪೊಟೊಮ್ಯಾಕ್ ದಂಡೆಯ ಮೌಂಟ್ ವರ್ನನ್‌ನಲ್ಲಿ ಜಾರ್ಜ್ ವಾಷಿಂಗ್ಟನ್ ಹೊಗೆಸೊಪ್ಪು ಬೆಳೆಯುತ್ತಿದ್ದರು. ನೆಲ ಸೊರಗಿತು, ಲಂಡನ್ನಿನ ಸಾಲ ಏರಿತು. 1766ರ ಹೊತ್ತಿಗೆ ಅವರು ಸೊಪ್ಪು ಬಿಟ್ಟು ಗೋಧಿಗೆ ಬಂದರು. ಪೆನ್ಸಿಲ್ವೇನಿಯಾದ ರೈತ ಮನೆಮಂದಿಯ ಜೊತೆ ಬೆಳೆಯುತ್ತಿದ್ದ ಅದೇ ಗೋಧಿ. ಹಿಟ್ಟಿನ ಗಿರಣಿಯನ್ನೂ ನಡೆಸಿದರು. ಬೆಳೆ ಬದಲಾಯಿತು, ಪೀಪಾಯಿಯೊಳಗಿನ ಸರಕು ಬದಲಾಯಿತು. 1799ರಲ್ಲಿ ಅವರು ತೀರಿಕೊಂಡಾಗ ಆ ಎಸ್ಟೇಟಿನಲ್ಲಿ ಗುಲಾಮರಾಗಿದ್ದವರು 317 ಜನ.